ಒಲೆ ಇಲ್ಲದೆ, ಒಂದೇ ದಪ್ಪ ರೋಪಿನಲ್ಲಿ ಡೋಮ್‌ಲ್ಯಾಂಡ್: ನನ್ನ ಅನುಭವ

ಬಂಡೆ ಹತ್ತೋಕೆ ಕಾಡಿಗೆ ಹೊರಟ ನನ್ನನ್ನು ನೋಡಿ ಮೂರು ವರ್ಷ ನಕ್ಕವರೇ ಈಗ ಪ್ಯಾಕಿಂಗ್ ಪಟ್ಟಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯಲು ಕೂತೆ. ಕ್ಯಾಮ್ (ಬಿರುಕಿನಲ್ಲಿ ಸಿಕ್ಕಿಸಿ ರೋಪ್ ಹಾಕೋ ಸಾಧನ) ಇಡೋದು ಹೇಗೆ, ಬಿಲೇ ಕೊಡೋದು (ಹತ್ತುವವರ ರೋಪ್ ಹಿಡಿದು ಕಾಯೋದು) ಹೇಗೆ ಅನ್ನೋದೆಲ್ಲ ಇಲ್ಲಿ ಸಿಗಲ್ಲ. ಅದು ಗೊತ್ತಿದ್ದವರಿಗೆ ಮಾತ್ರ ಇದು.

ಜಾಗ ಡೋಮ್‌ಲ್ಯಾಂಡ್ ವೈಲ್ಡರ್‌ನೆಸ್. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಸಾಲಿನ ದಕ್ಷಿಣ ತುದಿಯಲ್ಲಿದೆ, ಕರ್ನ್‌ವಿಲ್ ಊರಿನಿಂದ ಮೇಲೆ. 1964ರಲ್ಲಿ ಕಾಡನ್ನು ಕಾಡಾಗಿಯೇ ಉಳಿಸೋ ವೈಲ್ಡರ್‌ನೆಸ್ ಕಾನೂನು ಬಂದಾಗ ಮೊದಲ ಪಟ್ಟಿಯಲ್ಲೇ ಇದ್ದ ಕಾಡು. ಈಗ 1 ಲಕ್ಷ 30 ಸಾವಿರ ಎಕರೆ ಆಸುಪಾಸು. ನಾನಿರುವ ಸ್ಯಾನ್ ಹೊಸೆಯಿಂದ 300 ಮೈಲಿಗಿಂತ ಜಾಸ್ತಿ. ಅಷ್ಟು ದೂರ ಯಾಕೆ, ಯೊಸೆಮಿಟಿಯ ಟುವಾಲಮಿ ಮೆಡೋಸ್‌ನಲ್ಲಿ ಕಾರಿನ ಬಾಗಿಲು ತೆಗೆದರೆ ಬಂಡೆ ಇದೆಯಲ್ಲ ಅಂತ ಕ್ಲೈಂಬಿಂಗ್ ಜಿಮ್ ಹುಡುಗರು ಕೇಳುತ್ತಾರೆ. ಇದೆ, ಬಂಡೆಯ ಕೆಳಗೆ ಸಾಲೂ ಇದೆ. 5.7 ಕಷ್ಟದ ಒಂದು ಪಿಚ್‌ಗೆ (ಒಂದು ರೋಪಿನ ಉದ್ದದೊಳಗೆ ಹತ್ತೋ ಭಾಗ; ಅಂಕಿ ಏರಿದಷ್ಟೂ ಕಷ್ಟ) ಎರಡು ಗಂಟೆ ಕಾದು, ಮೇಲಿನವರ ರೋಪ್ ತಲೆ ಮೇಲೆ ಬೀಳಿಸಿಕೊಂಡು, ಸಂಜೆ ಪಾರ್ಕಿಂಗ್‌ಗೆ ಜಗಳ ಆಡೋಕೆ ನಾನು ಸಾವನದುರ್ಗದಲ್ಲಿ ಸ್ಲ್ಯಾಬ್ (ನುಣುಪು ಇಳಿಜಾರು ಬಂಡೆ) ಹತ್ತೋದು ಕಲಿಯಲಿಲ್ಲ.

ಹೌದು, ಕಲಿತದ್ದು ಸಾವನದುರ್ಗದಲ್ಲೇ. ಕೈಗೆ ಹಿಡಿಯೋಕೆ ಏನೂ ಇರಲ್ಲ, ಅಂಗಾಲು ನಂಬಿ ಮೇಲೆ ನಡೆಯೋದು. ನಮ್ಮ ಕಲ್ಲು 250 ಕೋಟಿ ವರ್ಷದ ಮುದುಕ, ಸಿಯೆರಾದ್ದು 10 ಕೋಟಿ ಆಸುಪಾಸಿನ ಹುಡುಗ. ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ. ಸಾವನದುರ್ಗದ ಸ್ಲ್ಯಾಬ್ ಸವೆದ ರುಬ್ಬೋ ಕಲ್ಲಾದರೆ, ಇಲ್ಲಿನದು ಆಗಷ್ಟೇ ಕುಟ್ಟಿಸಿದ್ದು. ಹಿಡಿತ ಜಾಸ್ತಿ, ಶೂ ಬೇಗ ಹೋಗುತ್ತೆ. ಬೆರಳ ತುದಿಯ ಚರ್ಮವೂ.

ಮೊದಲನೇ ವರ್ಷದ ಕಥೆ ಕೇಳಿ. ಸೆಪ್ಟೆಂಬರ್ ತಿಂಗಳು. ನನ್ನ ಬೆನ್ನ ಮೇಲೆ 26 ಕಿಲೋ. ಜೊತೆಗೆ ಬಂದವನು ಧಾರವಾಡದ ಹುಡುಗ, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಅವನ ಬೆನ್ನ ಮೇಲೆ 28. ಎರಡು 9.8 ಮಿ.ಮೀ. ರೋಪ್, ಅದೇ ಏಳೂವರೆ ಕಿಲೋ. ಕ್ಯಾಮ್ ಎಲ್ಲಾ ಸೈಜಿನಲ್ಲೂ ಎರಡೆರಡು. ಟೆಂಟ್, ಒಲೆ, ಗ್ಯಾಸ್, ಪಾತ್ರೆ, ಕರಡಿಗೆ ತೆಗೆಯಲಾಗದ ಊಟದ ಡಬ್ಬ, ಮೇಲೆ ಅವನು ತಂದ ಚಪಾತಿ ಹಿಟ್ಟು (ಕಾಡಿನಲ್ಲಿ ಚಪಾತಿ ಲಟ್ಟಿಸುತ್ತೀನಿ ಅಂದವನನ್ನು ನಾನು ತಡೆಯಲಿಲ್ಲ, ಅದು ನನ್ನ ತಪ್ಪೇ). ಬಿಗ್ ಮೆಡೋದಲ್ಲಿ ಕಾರು ಬಿಟ್ಟು ಮ್ಯಾಂಟರ್ ಮೆಡೋ ತಲುಪಿದಾಗ ಮಧ್ಯಾಹ್ನ ಮೂರು. ದೊಡ್ಡ ದೂರವೇನಲ್ಲ, ನಾಲ್ಕು ಮೈಲಿ ಚಿಲ್ಲರೆ. ಆದರೆ ಡೋಮ್‌ಗಳು, ಅಂದರೆ ನಾವು ಹತ್ತಬೇಕಿದ್ದ ಗುಂಡು ಬಂಡೆಗುಡ್ಡಗಳು, ಇರೋದು ಅಲ್ಲಿಂದ ಮುಂದೆ, ದಾರಿ ಬಿಟ್ಟ ಮೇಲೆ. ನಾವು ನಂಬಿಕೊಂಡಿದ್ದ ತೊರೆಯಲ್ಲಿ ನೀರಿಲ್ಲ, ಬರೀ ಮರಳು. ಮಾರನೇ ದಿನ ಒಂದೂ ಪಿಚ್ ಹತ್ತದೆ ವಾಪಸ್ ಹೊರಟೆವು. ನನ್ನ ಬಲ ಮಂಡಿ ಊದಿ ಮೂರು ವಾರ ಮೆಟ್ಟಿಲು ಹತ್ತಲಿಲ್ಲ.

ಎರಡನೇ ವರ್ಷ ಜೂನ್‌ನಲ್ಲಿ ಹೋದೆವು. ನೀರು ಸಿಕ್ಕಿತು. ಮುಳ್ಳೂ ಸಿಕ್ಕಿತು. 2000ನೇ ಇಸವಿಯಲ್ಲಿ ಮ್ಯಾಂಟರ್ ಬೆಂಕಿ ಇಲ್ಲಿ 70 ಸಾವಿರ ಎಕರೆಗಿಂತ ಜಾಸ್ತಿ ಸುಟ್ಟುಹಾಕಿದೆ. ಪೈನ್ ಮರ ಹೋದ ಕಡೆ ಎದೆಯೆತ್ತರ ಮುಳ್ಳುಪೊದೆ ಬೆಳೆದಿದೆ. ಅರ್ಧ ಮೈಲಿಗೆ ಎರಡು ಗಂಟೆ. ರೋಪನ್ನು ಬ್ಯಾಗಿನ ಹೊರಗೆ ಕಟ್ಟಿದ್ದೆ, ಪ್ರತಿ ಪೊದೆಯೂ ಅದನ್ನು ಹಿಡಿದು ಎಳೆಯಿತು. ಈಗ ಹೊರಗೆ ಏನನ್ನೂ ಕಟ್ಟಲ್ಲ, ನೀರಿನ ಬಾಟಲಿ ಕೂಡ ಒಳಗೇ.

ಆ ವರ್ಷ ಒಂದು ಡೋಮ್ ಹತ್ತಿದೆವು, ಹೆಸರು ಬೇಡ. ನಾಲ್ಕು ಪಿಚ್. ಮೇಲೆ ನಿಂತಾಗ ರಾಜರ ಥರ ಇತ್ತು. ಇಳಿಯುವಾಗ ಹಗ್ಗ ಸಿಕ್ಕಿಕೊಂಡಿತು. ಎರಡನೇ ದಪ್ಪ ರೋಪ್ ಬಿಟ್ಟು 6 ಮಿ.ಮೀ. ತೆಳು ಹಗ್ಗ ತಂದಿದ್ದೆ, ಇಳಿದ ಮೇಲೆ ರೋಪನ್ನು ಕೆಳಗೆ ಎಳೆದುಕೊಳ್ಳೋಕೆ ಮಾತ್ರ. ತೂಕದಲ್ಲಿ ಎರಡು ಕಿಲೋಗಿಂತ ಜಾಸ್ತಿ ಉಳಿತಾಯ. ಆದರೆ ತೆಳು ಹಗ್ಗ ಗಾಳಿಗೆ ಹಾರಿ ಒಂದು ಸಿಪ್ಪೆಕಲ್ಲಿನ ಹಿಂದೆ ಹೋಗಿ ಕೂತಿತು. ಎಷ್ಟು ಎಳೆದರೂ ಬರಲಿಲ್ಲ. ಕತ್ತಲಾಗುತ್ತಿತ್ತು, ಕೈಗೆ ಸಿಕ್ಕಷ್ಟು ಕತ್ತರಿಸಿಕೊಂಡು ಇಳಿದೆವು. ಉಳಿದ 20 ಮೀಟರ್ ಅಲ್ಲೇ ಬಿಟ್ಟೆವು. ಮಾರನೇ ವರ್ಷ ಹೋಗಿ ತಂದೆ, ಬಿಸಿಲಿಗೆ ಬಣ್ಣ ಹೋಗಿ ಬಿಳಿಚಿತ್ತು. ಬಟ್ಟೆ ಒಣಗಿಸೋಕೆ ಬಳಸುತ್ತಿದ್ದೀನಿ.

ಆ ಸಲ ಕಲಿತದ್ದು ಇಷ್ಟು. ಹತ್ತೋ ದಾರಿ ಆಮೇಲೆ ಹುಡುಕಿ, ಮೊದಲು ಇಳಿಯೋ ದಾರಿ ನೋಡಿ. ಈ ಡೋಮ್‌ಗಳಲ್ಲಿ ಬಹಳಷ್ಟಕ್ಕೆ ಒಂದು ಬದಿ ಇಳಿಜಾರು ಕಡಿಮೆ ಇರುತ್ತೆ, ನಡೆದೇ ಇಳಿಯಬಹುದು. ಹಾಗಾಗಿ ಮೂರನೇ ವರ್ಷ ಮೊದಲ ದಿನ ಹಾರ್ನೆಸ್ (ರೋಪ್ ಕಟ್ಟೋ ಸೊಂಟದ ಪಟ್ಟಿ) ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಬ್ಯಾಗ್ ಇಟ್ಟು ಖಾಲಿ ಕೈಯಲ್ಲಿ ಡೋಮಿನ ಹಿಂದೆ ಸುತ್ತಿ, ಹಿಂಬದಿಯಿಂದ ತುದಿ ಮುಟ್ಟಿ ಬಂದೆವು. ಸಂಜೆ ಅಡ್ಡ ಬಿಸಿಲು ಬಿದ್ದಾಗ ಎದುರಿಗೆ ಕೂತು ದುರ್ಬೀನಿನಲ್ಲಿ ಸ್ಲ್ಯಾಬ್ ನೋಡಿದರೆ, ಮಧ್ಯಾಹ್ನ ನುಣ್ಣಗೆ ಕಂಡ ಕಲ್ಲಿನಲ್ಲಿ ಗುಬುಟು, ಗೀರು, ಬಿರುಕು ಎಲ್ಲ ನೆರಳು ಹಾಕಿ ತೋರಿಸುತ್ತವೆ. ಫೋನಿನಲ್ಲಿ ಫೋಟೋ ತೆಗೆದು ಅದರ ಮೇಲೆ ಬೆರಳಿನಲ್ಲೇ ದಾರಿ ಗೀಚಿಕೊಂಡೆವು. ಅದೇ ನಮ್ಮ ಟೋಪೋ, ಹತ್ತೋ ದಾರಿಯ ನಕ್ಷೆ.

ಈಗ ಎಲ್ಲರೂ ನಕ್ಕ ವಿಷಯ. ಒಲೆ ಬೇಡ ಅಂದೆ. ಒಲೆ, ಗ್ಯಾಸ್, ಪಾತ್ರೆ, ಲೈಟರ್ ಎಲ್ಲ ಸೇರಿ ಒಂದು ಕಿಲೋ ಹತ್ತಿರ. ಜೊತೆಗೆ ಅಡುಗೆಗೆ ಬೇಕಾದ ನೀರು, ತೊಳೆಯೋ ನೀರು, ಬೆಳಿಗ್ಗೆ ಹಾಳಾಗೋ ಮುಕ್ಕಾಲು ಗಂಟೆ. ಅದರ ಬದಲು ಗೊಜ್ಜವಲಕ್ಕಿ. ದಪ್ಪ ಅವಲಕ್ಕಿ ತರಿ ಮಾಡಿ, ಹುಣಸೆ, ಬೆಲ್ಲ, ಸಾರಿನ ಪುಡಿ, ಕೊಬ್ಬರಿ, ಹುರಿದ ಕಡಲೆಕಾಯಿ ಬೀಜ ಎಲ್ಲ ಒಣಗಿದ್ದೇ ಬೆರೆಸಿ ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ತೊರೆಯ ನೀರು ಸೋಸಿ ಹಾಕಿದರೆ ಅರ್ಧ ಗಂಟೆಗೆ ಊಟ ರೆಡಿ. ನಡೆಯುತ್ತಲೇ ನೆನೆಯುತ್ತೆ. ಹುಣಸೆ ಗಂಟು ಕಟ್ಟದ ಹಾಗೆ ಪುಡಿ ಮಾಡೋದು ಹೇಗೆ ಅಂತ ಕೇಳಬೇಡಿ, ಅದಕ್ಕೆ ಎರಡು ತಿಂಗಳು ಹಾಳು ಮಾಡಿದ್ದೀನಿ, ಹೇಳಲ್ಲ.

ಧಾರವಾಡದವನು ಮೊದಲು ಕೇಳಿದ್ದು: "ಅಕ್ಕಾರ, ತಣ್ಣೀರಾಗ ಅವಲಕ್ಕಿ ನೆನಸ್ಕೊಂಡು ತಿಂದು ಗುಡ್ಡ ಏರೂದೇನ್ರಿ? ಬ್ಯಾಡ್ರಿ, ನಾ ಸಣ್ಣದೊಂದು ಒಲಿ ತರ್ತೀನಿ." ಅಮ್ಮ ಮೈಸೂರಿನಿಂದ ಫೋನಿನಲ್ಲಿ: "ಅಲ್ಲ ಕಣೇ, ಅವಲಕ್ಕಿನೇ ತಿನ್ನೋದಾದ್ರೆ ಮನೇಲೇ ಇರಬಾರದಾ?" ಜಿಮ್‌ನಲ್ಲಿ ಒಬ್ಬ ಅನುಭವಸ್ಥ ಎರಡನೇ ದಿನವೇ ವಾಪಸ್ ಬರ್ತೀರಿ ಅಂತ ಒಂದು ಪಿಜ್ಜಾ ಪಂದ್ಯ ಕಟ್ಟಿದ. ಪಿಜ್ಜಾ ತಿಂದಾಯಿತು, ಎಕ್ಸ್‌ಟ್ರಾ ಚೀಸ್ ಹಾಕಿಸಿಕೊಂಡೇ.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ. ರಾಗಿ ಹುರಿಹಿಟ್ಟು ತಣ್ಣೀರಿನಲ್ಲಿ ಕಲಸಿದರೆ ಗಂಟು, ಗಂಟಲಲ್ಲಿ ಇಳಿಯಲ್ಲ. ಮೊದಲು ಹಾಲಿನ ಪುಡಿ, ಸಕ್ಕರೆ ಜೊತೆ ಒಣದಾಗಿ ಬೆರೆಸಿಟ್ಟು ಡಬ್ಬಿಯಲ್ಲಿ ಕುಲುಕಿದರೆ ಪರವಾಗಿಲ್ಲ. ಕೋಡುಬಳೆ ಬ್ಯಾಗಿನಲ್ಲಿ ಪುಡಿಯಾಯಿತು, ಉಳಿದದ್ದನ್ನು ಅಳಿಲು ಚೀಲ ಕಚ್ಚಿ ತಿಂದಿತು. ಚಟ್ನಿಪುಡಿ ಮಾತ್ರ ಎಲ್ಲದಕ್ಕೂ ಆಗುತ್ತೆ. ಒಂದು ಸಲ ಬರಿಗಾಲಿನಲ್ಲೂ ಸ್ಲ್ಯಾಬ್ ಹತ್ತಿ ನೋಡಿದೆ, ಊರಿನಲ್ಲಿ ಹತ್ತುತ್ತಿದ್ದೆನಲ್ಲ ಅನ್ನೋ ಹಮ್ಮು. ಹತ್ತು ಅಡಿಗೆ ಹೆಬ್ಬೆರಳ ಚರ್ಮ ಹೋಯಿತು. ಆ ಹಮ್ಮನ್ನು ಸಾವನದುರ್ಗಕ್ಕೇ ಇಟ್ಟುಕೊಂಡಿದ್ದೀನಿ.

ಮೂರನೇ ವರ್ಷ ಮೇ ಕೊನೇ ವಾರ, ಬಿಗ್ ಮೆಡೋಗೆ ಹೋಗೋ ಚೆರ್ರಿ ಹಿಲ್ ರಸ್ತೆ ಚಳಿಗಾಲ ಮುಗಿದು ತೆರೆದ ಕೆಲವೇ ದಿನಕ್ಕೆ. ರಾತ್ರಿ ಬಾಟಲಿಯ ನೀರಿನ ಮೇಲೆ ಮಂಜುಗಡ್ಡೆ ಪದರ, ಆದರೆ ತೊರೆ ತುಂಬ ನೀರು. ನನ್ನ ಬ್ಯಾಗ್ ನೀರು ಸೇರಿ 15 ಕಿಲೋ ಚಿಲ್ಲರೆ, ಅವನದು 16. ಒಂದು 8.9 ಮಿ.ಮೀ. ರೋಪ್ 60 ಮೀಟರ್, ಹೊಸ ತೆಳು ಹಗ್ಗ, ಕ್ಯಾಮ್ ಒಂದೊಂದೇ, ನಟ್ (ಬಿರುಕಿಗೆ ಸಿಕ್ಕಿಸೋ ಲೋಹದ ಬೆಣೆ) ಒಂದು ಗೊಂಚಲು, ಉದ್ದ ಸ್ಲಿಂಗ್ (ಪಟ್ಟಿಯ ಕುಣಿಕೆ) ಜಾಸ್ತಿ. ಟೆಂಟ್ ಬದಲು ಟಾರ್ಪ್, ಬರೀ ಮೇಲ್ಹೊದಿಕೆ. ರೋಪ್ ಹಾಕೋ ಬೋಲ್ಟ್ ಕೂರಿಸೋಕೆ ಬಂಡೆ ಕೊರೆಯೋ ಡ್ರಿಲ್ ಪ್ರಶ್ನೆಯೇ ಇಲ್ಲ. ವೈಲ್ಡರ್‌ನೆಸ್ ಒಳಗೆ ಮೋಟಾರ್ ಡ್ರಿಲ್ ನಿಷೇಧ, ಕೈಯಲ್ಲಿ ಸುತ್ತಿಗೆ ಹೊಡೆಯೋ ತಾಳ್ಮೆ ನನಗಿಲ್ಲ. ಬೋಲ್ಟ್ ಇಲ್ಲದ ಕಡೆ ಸುಮ್ನೆ ಹತ್ತಬೇಕು ಅಥವಾ ಸುಮ್ನೆ ಇಳಿಯಬೇಕು. ಹಳೇ ಕಾಲಿಂಚಿನ ಬೋಲ್ಟ್ ತುಕ್ಕು ಹಿಡಿದು ನಿಂತಿದ್ದರೆ ಅದಕ್ಕೆ ರೋಪ್ ಹಾಕುತ್ತೀನಿ, ದೇವರಿಗೆ ಕೈ ಮುಗಿದ ಹಾಗೆ. ನಂಬಲ್ಲ.

ನಾಲ್ಕು ದಿನ, ಮೂರು ಡೋಮ್, ಒಟ್ಟು ಹನ್ನೊಂದು ಪಿಚ್. ಹನ್ನೆರಡೂ ಇರಬಹುದು, ಒಂದನ್ನು ಅರ್ಧಕ್ಕೆ ಕತ್ತರಿಸಿದೆವು. ಹೆಚ್ಚಿನವು 5.6, 5.7, ಒಂದು ಪಿಚ್ ಮಾತ್ರ ಗಟ್ಟಿಯಾಗಿ 5.9 ಅನ್ನುತ್ತೀನಿ, ಅವನು 5.8 ಅನ್ನುತ್ತಾನೆ, ಲೀಡ್ ಮಾಡಿದ್ದು, ಅಂದರೆ ಮುಂದೆ ಹತ್ತಿದ್ದು, ನಾನು. ಕೊನೇ ಕ್ಯಾಮ್‌ನಿಂದ ಹನ್ನೆರಡು ಮೀಟರ್ ಮೇಲೆ, ಮುಂದೆ ಏನೂ ಇಲ್ಲ, ಬಿದ್ದರೆ ಸ್ಲ್ಯಾಬ್ ಮೇಲೆ ತೆಂಗಿನಕಾಯಿ ತುರಿದ ಹಾಗೆ ಮೈ ತುರಿಯುತ್ತೆ. ಕಾಲು ನಡುಗಲು ಶುರುವಾಯಿತು. ಸಾವನದುರ್ಗದಲ್ಲಿ ಕಲಿಸಿದವರು ಹೇಳುತ್ತಿದ್ದ ಒಂದೇ ಮಾತು ನೆನಪಾಯಿತು, ಹಿಮ್ಮಡಿ ಇಳಿಸು. ಹಿಮ್ಮಡಿ ಇಳಿಸಿದೆ, ನಡುಕ ನಿಂತಿತು, ಹತ್ತಿದೆ. ಕೆಳಗಿನಿಂದ ಅವನು, "ಅಕ್ಕಾರ, ಉಸಿರಾಡ್ರಿ!" ಅಂತ ಕೂಗಿದ್ದು ಆಮೇಲೆ ಗೊತ್ತಾಯಿತು.

ಇನ್ನೊಂದು ವಿಷಯ ಬಿಸಿಲು. ಮಧ್ಯಾಹ್ನ ಕಲ್ಲು ದೋಸೆ ಹೆಂಚು, ಶೂ ರಬ್ಬರ್ ಮೆತ್ತಗಾಗಿ ಜಾರುತ್ತೆ. ಬೆಳಿಗ್ಗೆ ಆರೂವರೆಗೆ ಪಶ್ಚಿಮದ ಮುಖ ಹತ್ತಿದರೆ ಹನ್ನೊಂದರವರೆಗೆ ನೆರಳು. ಒಲೆ ಇಲ್ಲದ್ದರಿಂದಲೇ ಆರೂವರೆ ಸಾಧ್ಯವಾಯಿತು. ಕಾಫಿ ಮಾತ್ರ ಕೊರತೆ. ಇನ್‌ಸ್ಟಂಟ್ ಪುಡಿ ತಣ್ಣೀರಿನಲ್ಲಿ ಕಲಸಿ ಕುಡಿದೆ. ಮೈಸೂರಿನವಳು ಇದನ್ನು ಬರೆಯುತ್ತಿರೋದಕ್ಕೆ ನಾಚಿಕೆ ಆಗುತ್ತಿದೆ.

ಖರ್ಚು ಹೇಳಿಬಿಡುತ್ತೀನಿ. ಪೆಟ್ರೋಲ್ ಹೋಗಿ ಬರಲು 100 ಡಾಲರ್ ಆಸುಪಾಸು, ಮೂರು ಸಲ. ರೋಪ್ ಮತ್ತು ತೆಳು ಹಗ್ಗ ಸೇರಿ 300. ಟಾರ್ಪ್ 150. ಮೊದಲ ವರ್ಷ ಕೊಂಡ 400 ಡಾಲರ್ ಟೆಂಟ್ ಅರ್ಧ ಬೆಲೆಗೆ ಮಾರಿದೆ. ಒಂದು ಜೊತೆ ಶೂ ತಳ ಹಾಕಿಸಿದ್ದು, ಇನ್ನೊಂದು ಜೊತೆ ಹೊಸದು. ಮಂಡಿ ಡಾಕ್ಟರ್ ಬಿಲ್ ಬೇರೆ. ಎಲ್ಲ ಸೇರಿ ಎರಡು ಸಾವಿರ ದಾಟಿದೆ, ಮನೆಯವರಿಗೆ ಹೇಳಿರೋದು ಸಾವಿರದ ಇನ್ನೂರು. ಅವಲಕ್ಕಿ ನಾಲ್ಕು ದಿನಕ್ಕೆ ಇಬ್ಬರಿಗೂ ಸೇರಿ 20 ಡಾಲರ್ ಕೂಡ ಆಗಲಿಲ್ಲ.

ಯಾವ ಡೋಮ್, ಯಾವ ಕೊರಕಲಿನಲ್ಲಿ ಮುಳ್ಳು ತಪ್ಪಿಸಿ ಹೋಗಬಹುದು ಅನ್ನೋದನ್ನು ಬರೆಯಲ್ಲ. ಚರ್ಚ್ ಡೋಮ್ ಎಲ್ಲರಿಗೂ ಗೊತ್ತು, ಅಲ್ಲಿಂದ ಶುರು ಮಾಡಿ. ಕೊನೇ ದಿನ ಎರಡನೇ ಪಿಚ್‌ನ ಬಿರುಕಿನಲ್ಲಿ ನನ್ನ ನೀಲಿ ಕ್ಯಾಮ್ ಸಿಕ್ಕಿಕೊಂಡಿತು. ಅವನು ನಲವತ್ತು ನಿಮಿಷ ನಟ್ ಟೂಲ್‌ನಲ್ಲಿ ಕೆರೆದ, ಬೈದ, ಧಾರವಾಡದ ಭಾಷೆಯಲ್ಲಿ ಅದರ ವಂಶವನ್ನೆಲ್ಲ ನೆನೆಸಿಕೊಂಡ, ಬರಲಿಲ್ಲ. 90 ಡಾಲರ್ ಮಾಲು. ಹುಡುಕಿಕೊಂಡು ಹೋಗಿ ಕಿತ್ತವರು ಇಟ್ಟುಕೊಳ್ಳಿ, ನನಗೆ ಒಂದು ಫೋಟೋ ಕಳಿಸಿದರೆ ಸಾಕು.