ಡೀಸೆಲ್ ಕಾರಿನ ಕಪ್ಪು ಹೊಗೆ ನಿಂತದ್ದು ಹೀಗೆ

ಮನೆಯಿಂದ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಮೂರು ಕಿಲೋಮೀಟರ್. ನನ್ನ ಡೀಸೆಲ್ ಕಾರಿನ ದಿನದ ಓಟ ಇಷ್ಟೇ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್. ಕ್ರಮೇಣ ಎಳೆತ ಕುಗ್ಗಿತು, ಆಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ. ಏರ್ ಫಿಲ್ಟರ್ ಬದಲಿಸಿದೆ, ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಸುರಿದೆ. ದಂಡ. ಮಸಿ ಕಟ್ಟಿದ್ದು ಇಜಿಆರ್ ವಾಲ್ವ್‌ನಲ್ಲಿ, ಅಂದರೆ ಎಂಜಿನ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೇ ಕಳುಹಿಸುವ ಕವಾಟದಲ್ಲಿ. ಟ್ಯಾಂಕಿಗೆ ಸುರಿದ ದ್ರವ ಆ ಮಸಿಯನ್ನು ಮುಟ್ಟುವುದೇ ಇಲ್ಲ.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ವಾಲ್ವ್ ಕಳಚಿದೆ. ಒಳಗೆ ಕಾಡಿಗೆಯಂಥ ಪದರ. ವಾಲ್ವ್‌ನ ವಿದ್ಯುತ್ ಮೋಟಾರಿನ ಭಾಗ ನೆನೆಯದಂತೆ ಅದನ್ನು ಮೇಲ್ಮುಖವಾಗಿ ಹಿಡಿದು, ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ನೈಲಾನ್ ಬ್ರಷ್‌ನಿಂದ ಉಜ್ಜಿದೆ. ಹೀಗೆ ಮೂರು ಸಲ. ತಂತಿ ಬ್ರಷ್ ಬೇಡ, ವಾಲ್ವ್ ಕೂರುವ ಜಾಗವನ್ನು ಗೀಚುತ್ತದೆ. ಪೂರ್ತಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿದೆ.

ಹೊಗೆ ನಿಂತಿತು. ಮಸಿ ಮತ್ತೆ ಕಟ್ಟದಿರಲೆಂದು ಈಗ ವಾರಕ್ಕೊಮ್ಮೆ ಹುಮನಾಬಾದ್ ರಸ್ತೆಯಲ್ಲಿ ಅರ್ಧ ಗಂಟೆ, 2,500 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸುತ್ತೇನೆ.