ನಾಯಿ ತರೋಕೆ ಮುಂಚೆ ಒಂದು ಕಿರ್ದಿ ಬರೆದೆ

ಮೊದಲನೇ ನಾಯಿ ನಮ್ಮ ಮನೆಯಲ್ಲಿ ಇದ್ದದ್ದು ಹನ್ನೊಂದು ದಿನ. ಲ್ಯಾಬ್ರಡಾರ್ ಮರಿ, ಗೋಧಿ ಬಣ್ಣ. ಮಗ ಮೊಬೈಲಿನಲ್ಲಿ ಫೋಟೊ ತೋರಿಸಿದ, ನಾನು ಮಾರುವವನಿಗೆ ಫೋನ್ ಮಾಡಿದೆ, ಭಾನುವಾರ ಬೆಳಿಗ್ಗೆ ರಟ್ಟಿನ ಡಬ್ಬದಲ್ಲಿ ಮರಿ ಬಂತು. ಅಷ್ಟೇ ನಾವು ಮಾಡಿದ ಆಯ್ಕೆ. ಮಿಕ್ಸಿ ತಗೊಳ್ಳೋಕೆ ಇದಕ್ಕಿಂತ ಹೆಚ್ಚು ಅಂಗಡಿ ಹತ್ತಿ ಇಳಿದಿದ್ದೆವು.

ಐವತ್ತು ದಿನದ ಮರಿ ಅಂದಿದ್ದ. ಪಶು ಡಾಕ್ಟರು ಬಾಯಿ ಬಿಡಿಸಿ ನೋಡಿ, "ಹಿಂದಿನ ಹಲ್ಲು ಇನ್ನೂ ಪೂರ್ತಿ ಬಂದಿಲ್ಲರೀ, ಐದು ವಾರ ಆಗಿದ್ರೆ ಹೆಚ್ಚು" ಅಂದರು. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರಲ್ಲೇ ಕೇಂದ್ರ ಸರ್ಕಾರದ ನಿಯಮ ಬಂದಿದೆ ಅನ್ನೋದೂ ಆವತ್ತೇ ಗೊತ್ತಾದದ್ದು. ಎಂಟನೇ ದಿನ ವಾಂತಿ, ಒಂಬತ್ತನೇ ದಿನ ರಕ್ತಭೇದಿ. ಪಾರ್ವೊ ಅನ್ನೋ ವೈರಸ್ ರೋಗ. ಡ್ರಿಪ್ ಹಾಕಿಸಿದೆವು, ಮಗಳು ಬಾಟಲಿ ಎತ್ತಿ ಹಿಡ್ಕೊಂಡು ಕೈ ಬದಲಾಯಿಸುತ್ತಾ ನಿಂತಿದ್ದಳು. ಉಳೀಲಿಲ್ಲ.

ಡಾಕ್ಟರು ಒಂದು ಮಾತು ಹೇಳಿ ಕಳಿಸಿದರು: ಈ ವೈರಸ್ಸು ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತೆ, ಫಿನಾಯಿಲಿಗೆ ಜಗ್ಗೋದಿಲ್ಲ, ಬ್ಲೀಚಿಂಗ್ ಪೌಡರ್ ನೀರು ಹಾಕಿ ತೊಳೀರಿ, ಲಸಿಕೆ ಮುಗಿಯದ ಮರಿನ ಒಂದು ವರ್ಷ ಈ ಮನೆಗೆ ತರಬೇಡಿ. ಆ ಒಂದು ವರ್ಷ ಸಿಕ್ಕಿದ್ದೇ ನಮ್ಮ ಪುಣ್ಯ. ಇಲ್ಲದಿದ್ದರೆ ಮುಂದಿನ ಭಾನುವಾರವೇ ಇನ್ನೊಂದು ಡಬ್ಬ ಬರುತ್ತಿತ್ತು.

ನಾನು ದಾವಣಗೆರೆ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಮೆಕ್ಕೆಜೋಳ, ಭತ್ತದ ಲೆಕ್ಕ ಬರೆಯುತ್ತಿದ್ದೇನೆ. ಈಗ ಕಂಪ್ಯೂಟರ್ ಬಂದಿದ್ದರೂ ಕೆಂಪು ರಟ್ಟಿನ ಕಿರ್ದಿ ಪುಸ್ತಕ ಒಂದೆರಡು ಖಾಲಿ ಬಿದ್ದಿರುತ್ತವೆ. ಅದರಲ್ಲಿ ಒಂದನ್ನು ಮನೆಗೆ ತಂದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಜಮಾ ಕಡೆ ನಮ್ಮ ಮನೆಯಲ್ಲಿ ಯಾರ ಹತ್ತಿರ ಯಾವ ಹೊತ್ತಿನಲ್ಲಿ ಎಷ್ಟು ಬಿಡುವು. ಖರ್ಚಿನ ಕಡೆ ನಾಯಿ ಕೇಳುವ ಹೊತ್ತು: ಹೊರಗೆ ಕರ್ಕೊಂಡು ಹೋಗೋದು, ಊಟ, ಕೂದಲು ಬಾಚೋದು, ಗುಡಿಸೋದು, ಡಾಕ್ಟರ ಹತ್ತಿರ ಓಡೋದು. ಒಂದು ತಿಂಗಳು ಬರೆದೆ. ಹೆಂಡತಿ ನಕ್ಕಳು. ನಗಲಿ.

ಹೆಂಡತಿ ಹರಿಹರದಲ್ಲಿ ಟೀಚರ್, 8:20ರ ಬಸ್ಸು. ನಾನು ಒಂಬತ್ತಕ್ಕೆ ಹೊರಟರೆ ಸುಗ್ಗಿಯಲ್ಲಿ ರಾತ್ರಿ ಎಂಟು. ಮಗಳು ಒಂಬತ್ತನೇ ಕ್ಲಾಸು, ಸಂಜೆ ಟ್ಯೂಷನ್. ಮಗ ನಾಲ್ಕನೇ ಕ್ಲಾಸು. "ದಿನಾ ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ನಾನೇ ಮಾಡಿಸ್ತೀನಿ" ಅಂದ. ಬಟ್ಟೆ ತುಂಬಿದ ಬಕೆಟ್ಟು ಎತ್ತಿದರೆ ಅದೇ ಅವನನ್ನು ಎಳೆಯುತ್ತೆ. ಅವನ ಹೆಸರನ್ನು ಜಮಾ ಕಾಲಂನಲ್ಲಿ ಹಾಕಲಿಲ್ಲ.

ತಿಂಗಳ ಕೊನೆಗೆ ಲೆಕ್ಕ ಕೂಡಿಸಿದರೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆವರೆಗೆ ಪುಟದ ತುಂಬಾ ಒಂದೇ ಹೆಸರು: ಅವ್ವ. ಎಪ್ಪತ್ತೊಂದು ವರ್ಷ, ಎರಡೂ ಮೊಣಕಾಲು ನೋವು, ಕೈಯಲ್ಲಿ ಕೋಲು. ಮೊದಲನೇ ಸಲ ನಾವ್ಯಾರೂ ಕೇಳದೇ ಇದ್ದದ್ದು ಅವಳೊಬ್ಬಳನ್ನೇ.

ಕೇಳಿದೆ. ಹೀರೇಕಾಯಿ ಹೆರೆಯುತ್ತಾ ಕೂತಿದ್ದಳು. "ನನ್ನ ಕಾಲಿಗೆ ಅಡ್ಡ ಬರಬಾರ್ದು. ಬಾಗ್ಲಾಗ ಯಾರು ಬಂದ್ರೂ ಒಂದ್ ಸಲ ಹೇಳ್ಬೇಕು, ನೂರ್ ಸಲ ಬ್ಯಾಡ. ದೇವರ ಮನಿ ತುಳೀಬಾರ್ದು. ಮತ್ತ ಆ ಹುಡುಗ್ರು ಕುಣಿದಂಗ ಅದೂ ಕುಣಿಯಂಗಿದ್ರ ಬ್ಯಾಡೇ ಬ್ಯಾಡ." ಸ್ವಲ್ಪ ಹೊತ್ತು ಬಿಟ್ಟು, "ನಾಯಿ ಅಂದ್ರ ಮೈಲಾರಪ್ಪಂದಲೇ, ಬ್ಯಾಡ ಅಂತ ಹೆಂಗ ಅನ್ಲಿ" ಅಂದಳು. ನಮ್ಮ ಮನೆದೇವರು ಮೈಲಾರಲಿಂಗ. ಅವನ ಭಕ್ತರಾದ ಗೊರವಪ್ಪಗಳು ಅವನ ನಾಯಿಗಳಾಗಿ ಬೊಗಳಿ ದೋಣಿ, ಅಂದರೆ ತಮ್ಮ ಊಟದ ಬಟ್ಟಲು, ತುಂಬಿಸಿಕೊಳ್ಳೋದನ್ನ ನೋಡಿ ಬೆಳೆದವಳು ಅವಳು.

ಅವ್ವನ ಆ ನಾಲ್ಕು ಷರತ್ತನ್ನು ಕಿರ್ದಿಯ ಮೊದಲನೇ ಪುಟದಲ್ಲಿ ಬರೆದಿಟ್ಟೆ. ಆಮೇಲೆ ಜಾತಿ ಹುಡುಕೋದು ತಾನೇ ಸುಲಭ ಆಯ್ತು, ಯಾಕಂದರೆ ಪಟ್ಟಿಯಿಂದ ಹೆಸರು ಹೊಡೆದು ಹಾಕೋದೇ ಜಾಸ್ತಿ.

ಜರ್ಮನ್ ಶೆಫರ್ಡ್ ಒಂದು ಸಲ ಚೈನ್ ಎಳೆದರೆ ಅವ್ವ ಅಂಗಳದಲ್ಲಿ. ಹೊಡೆದೆ. ಪಗ್ ನೋಡೋಕೆ ಗೆಳೆಯನ ಮನೆಗೆ ಮೇ ತಿಂಗಳ ಮಧ್ಯಾಹ್ನವೇ ಹೋದೆ, ಬೇಕಂತಲೇ. ಆವತ್ತು 38 ಡಿಗ್ರಿ. ಅದು ಬಚ್ಚಲುಮನೆ ಟೈಲ್ಸಿಗೆ ಹೊಟ್ಟೆ ಅಂಟಿಸಿಕೊಂಡು ಬಿದ್ದಿತ್ತು, ಉಸಿರು ಗರಗಸ ಎಳೆದ ಹಾಗೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ತೇಕಿ ತೇಕಿಯೇ ಮೈ ತಂಪು ಮಾಡ್ಕೋಬೇಕು. ಚಪ್ಪಟೆ ಮೂತಿಯ ನಾಯಿಗೆ ಆ ತೇಕುವ ದಾರಿಯೇ ಇಕ್ಕಟ್ಟು. ಮೊಬೈಲ್ ಕಂಪನಿ ಜಾಹೀರಾತಿನಲ್ಲಿ ಅದು ಹುಡುಗನ ಹಿಂದೆ ಮುದ್ದಾಗಿ ನಡೆಯುತ್ತಿತ್ತು, ನಿಜ. ದಾವಣಗೆರೆ ಬೇಸಿಗೆಯಲ್ಲಿ ನಡೆಸಿ ನೋಡಬೇಕಿತ್ತು. ಹಿಮದ ನಾಡಿನ ಹಸ್ಕಿ ಬಗ್ಗೆ ಬರೆಯೋದೇ ಬೇಡ.

ಲ್ಯಾಬ್ರಡಾರ್ ಸ್ವಭಾವ ಚಿನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಎರಡು ವರ್ಷ ಅದು ಮೂವತ್ತು ಕೆಜಿಯ ಮಗು, ಪ್ರೀತಿಯಿಂದಲೇ ಬೀಳಿಸುತ್ತೆ. ಓಡಾಟ ಇಲ್ಲದೆ ಊಟ ಮಾತ್ರ ಆದರೆ ಡೋಲಿನ ಹಾಗೆ ಊದಿ ಸೊಂಟದ ಕೀಲು ಕೆಡುತ್ತೆ. ನಮ್ಮ ಜಮಾದಲ್ಲಿ ಅಷ್ಟು ಓಡಾಟ ಇರಲಿಲ್ಲ. ಪಾಮೇರಿಯನ್, ಅಂದರೆ ನಮ್ಮ ಕಡೆ ಆ ಹೆಸರಿನಲ್ಲಿ ಕರೆಯೋ ಬಿಳೀ ಸ್ಪಿಟ್ಜ್, ಎಲ್ಲ ಲೆಕ್ಕಕ್ಕೂ ಸರಿಹೋಗಿ 'ಒಂದ್ ಸಲ ಹೇಳ್ಬೇಕು, ನೂರ್ ಸಲ ಬ್ಯಾಡ'ದಲ್ಲಿ ಬಿತ್ತು.

ಮುಧೋಳ ನಾಯಿ ಮೇಲೆ ಮಾತ್ರ ನನಗೇ ಆಸೆ ಇತ್ತು. ನಮ್ಮ ರಾಜ್ಯದ್ದು, 2005ರಲ್ಲಿ ಅಂಚೆಚೀಟಿ ಮೇಲೆ ಬಂದದ್ದು, ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ, ಸೈನ್ಯದವರೂ ಮರಿ ಒಯ್ದು ಪಳಗಿಸಿದ್ದಾರೆ. ತೆಳು ಚರ್ಮ, ಸಣ್ಣ ಕೂದಲು, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ನಮ್ಮ ಅಂಗಡಿಗೆ ಮಾಲು ತರುವ ಜಗಳೂರು ಕಡೆಯ ರೈತರೊಬ್ಬರ ಹೊಲದಲ್ಲಿ ಒಂದಿತ್ತು, ಹೋಗಿ ನೋಡಿದೆ. ಬದುವಿನಿಂದ ಮೊಲ ಎದ್ದದ್ದು ನನಗೆ ಕಾಣಿಸಲೇ ಇಲ್ಲ. ನಾಯಿ ಎದ್ದದ್ದಷ್ಟೇ ಕಂಡದ್ದು, ಆಮೇಲೆ ಧೂಳು. ಆ ರೈತರು ತಣ್ಣಗೆ, "ಕರದ್ರ ಬರಾದಿಲ್ಲ ರೀ ಈಗ, ಅದಕ್ಕ ಸಾಕಾದಾಗ ಬರ್ತೈತಿ" ಅಂದರು. ನಮ್ಮದು ನಿಟುವಳ್ಳಿಯ ಮೂವತ್ತು ನಲವತ್ತರ ಸೈಟು, ಪಕ್ಕದ ಮನೆಯವರ ನಾಲ್ಕು ಬೆಕ್ಕು, ಎದುರಿಗೆ ಆಟೋ ಓಡಾಡುವ ರಸ್ತೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗೋದೇ ಅದರ ಹುಟ್ಟುಗುಣ. ಅಲ್ಲಿ ಅದನ್ನು ಕಟ್ಟಿಹಾಕೋದು ಅಂದರೆ ಪಾಪ. ಬಸ್ಸಿನಲ್ಲಿ ವಾಪಸ್ ಬರುವಾಗ ಅದರ ಹೆಸರನ್ನೂ ಹೊಡೆದೆ, ಮನಸ್ಸಿಲ್ಲದೆ.

ಇಷ್ಟೆಲ್ಲ ಆದಮೇಲೆ ಉಳಿದದ್ದು ಒಂದೇ ಸಾಲು: ಮರಿ ಬೇಡ, ಬೆಳೆದ ನಾಯಿ. ಮರಿಯ ಸ್ವಭಾವ ಏನಾಗುತ್ತೋ ಊಹೆ ಮಾಡಬೇಕು. ಎರಡು ವರ್ಷದ ನಾಯಿ ಏನು ಅನ್ನೋದು ಕಣ್ಣೆದುರಿಗೇ ಇರುತ್ತೆ. ಪಾರ್ವೊ ಹೆಚ್ಚಾಗಿ ಬಲಿ ತಗೊಳ್ಳೋದೂ ಮರಿಗಳನ್ನೇ.

ನಮ್ಮ ಅಂಗಡಿ ಮುಂದೆ ಮೂರು ನಾಯಿ ಇದ್ದವು, ಮೂರೂ ಹಮಾಲರ ಬುತ್ತಿ ತಿಂದು ಬೆಳೆದವು. ರಾಜ ಅಂತ ಒಂದು, ಕಂಡವರ ಮೈಮೇಲೆಲ್ಲ ಹಾರಿ ಮುಖ ನೆಕ್ಕುತ್ತಿತ್ತು. ಕರಿಯ, ಬೈಕು ಕಂಡರೆ ಆಗದು. ಮೂರನೆಯದು ಕಂದು ಬಣ್ಣದ ಹೆಣ್ಣು, ಖಾಲಿ ಚೀಲದ ಅಟ್ಟಿಯ ಮೇಲೆ ಮಲಗಿರುತ್ತಿತ್ತು ಅಂತ ಹಮಾಲರು ಇಟ್ಟ ಹೆಸರು ಗೋಣಿ. ಅವಳ ಎಡಗಿವಿಯ ತುದಿ ಕತ್ತರಿಸಿತ್ತು. ಸಂತಾನಹರಣ ಆಪರೇಷನ್ ಆಗಿ, ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿ ಬಿಟ್ಟಿದ್ದಾರೆ ಅನ್ನೋದಕ್ಕೆ ಅದು ಗುರುತು. ಇಲ್ಲದಿದ್ದರೆ ವರ್ಷಕ್ಕೆ ಎರಡು ಸಲ ಬೆದೆ, ಬಾಗಿಲಿಗೆ ಗಂಡುಗಳ ದಂಡು. ಆ ಚಿಂತೆ ಇರಲಿಲ್ಲ.

ಮಕ್ಕಳನ್ನು ರಜೆಯ ದಿನ ಕರ್ಕೊಂಡು ಹೋದೆ. ನೀವು ಹೋಗಬೇಡಿ, ಕೂತ್ಕೊಳ್ಳಿ, ಅದೇ ಬರಲಿ ಅಂದೆ. ರಾಜ ಬಂದು ಮಗನನ್ನು ಉರುಳಿಸಿದ. ಮಗನಿಗೆ ಸ್ವರ್ಗ. ಗೋಣಿ ಎದ್ದಳು, ಮೈ ಮುರಿದಳು, ಬಂದು ಮಗಳ ಚಪ್ಪಲಿ ಮೂಸಿದಳು, ವಾಪಸ್ ಹೋಗಿ ಮಲಗಿದಳು. "ಅಪ್ಪಾ, ಅದು ಬೋರಿಂಗು" ಅಂದ ಮಗ. ನನಗೆ ಬೇಕಾಗಿದ್ದದ್ದು ಆ ಬೋರಿಂಗೇ.

ಮೂರು ವಾರ ಸುಮ್ಮನೆ ನೋಡಿದೆ. ಲಾರಿಯಿಂದ ಮೆಕ್ಕೆಜೋಳದ ಚೀಲ ದಬದಬ ಬೀಳುವಾಗ ಕಿವಿ ಮಾತ್ರ ತಿರುಗಿಸುತ್ತಿದ್ದಳು. ಸ್ಟೀಲ್ ತಟ್ಟೆ ಕೆಡವಿದೆ. ಎದ್ದು ಹೋದಳು, ಐದು ನಿಮಿಷಕ್ಕೆ ತಾನೇ ಬಂದು ಮೂಸಿದಳು. ಹೆದರಿದ ಮೇಲೆ ಎಷ್ಟು ಬೇಗ ತಿರುಗಿ ಬರುತ್ತೆ ಅನ್ನೋದು ಮುಖ್ಯ, ಹೆದರಲೇಬಾರದು ಅಂತೇನಿಲ್ಲ. ಊಟ ಮಾಡುವಾಗ ಹತ್ತಿರ ಕೈ ಹಾಕಲಿಲ್ಲ, ಅದು ಹುಚ್ಚು ಧೈರ್ಯ. ದೂರದಿಂದ ಒಂದು ಬಿಸ್ಕತ್ತು ಎಸೆದೆ. ಕರಿಯ ಗುರ್ ಅಂತ ಅನ್ನದ ಮೇಲೆ ಬಗ್ಗಿದ. ಗೋಣಿ ತಲೆ ಎತ್ತಿ ಬಾಲ ಆಡಿಸಿದಳು.

ಕೊನೆಯ ಪರೀಕ್ಷೆ ನಾನು ಯೋಚಿಸಿದ್ದಲ್ಲ. ಅವ್ವನನ್ನು ಆಟೋದಲ್ಲಿ ಕರ್ಕೊಂಡು ಬಂದೆ. ಅವ್ವ ಇಳಿದು ಕೋಲು ಊರಿದಳು, ಅಷ್ಟೇ. ಮೈಮೇಲೆ ಹಾರುವ ಆ ರಾಜ ಬಾಲ ಹೊಟ್ಟೆಗೆ ಸೇರಿಸಿಕೊಂಡು ತೂಕದ ಕಾಟಾದ ಹಿಂದೆ ಓಡಿದ. ಕರಿಯ ದೂರ ನಿಂತು ಹಲ್ಲು ತೋರಿಸಿ ಬೊಗಳಿದ. ಬೀದಿಯಲ್ಲಿ ಬೆಳೆದ ನಾಯಿಗೆ ಕೋಲು ಅಂದರೆ ಒಂದೇ ಅರ್ಥ. ಅದು ನನಗೆ ಹೊಳೆದೇ ಇರಲಿಲ್ಲ. ಗೋಣಿ ಕೋಲಿನ ತುದಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಂದು ಕೋಲಿನ ರಬ್ಬರ್ ಬಿರಡೆ ಮೂಸಿ, ಅವ್ವನ ಸೀರೆಯ ನೆರಿಗೆ ಮೂಸಿ, ಪಕ್ಕದಲ್ಲೇ ಕೂತಳು. "ಇದು ಬರಂಗೈತಿ" ಅಂದಳು ಅವ್ವ. ತಗೊಂಡು ಹೋಗೋಣ ಅನ್ನಲಿಲ್ಲ, ಬರಂಗೈತಿ ಅಂದಳು.

ಮನೆಗೆ ತರುವ ಮುಂಚೆ ಡಾಕ್ಟರಲ್ಲಿಗೆ. ಜಂತಿನ ಮಾತ್ರೆ, ಹುಚ್ಚುನಾಯಿ ರೋಗದ ಲಸಿಕೆ, ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆ, ರಕ್ತ ಪರೀಕ್ಷೆ. ರಕ್ತ ಪರೀಕ್ಷೆಗೆ ದುಡ್ಡು ದಂಡ ಅನಿಸಿತ್ತು, ಆದರೆ ಅದರಲ್ಲೇ ಉಣುಗಿನ ಜ್ವರ ಸಿಕ್ಕಿತು. ಹೊರಗೆ ಏನೂ ಕಾಣುತ್ತಿರಲಿಲ್ಲ, ವಸಡು ಮಾತ್ರ ಸ್ವಲ್ಪ ಬಿಳಿಚಿಕೊಂಡಿತ್ತು. ಒಂದು ತಿಂಗಳು ಮಾತ್ರೆ. ಅವಳು ಮಂಕಾಗಿರೋದು ಜ್ವರಕ್ಕೋ, ಗುಣ ಆದಮೇಲೆ ಇವಳೂ ಕುಣಿಯುತ್ತಾಳೋ ಅಂತ ಒಳಗೊಳಗೇ ಭಯ ಇತ್ತು. ಗುಣ ಆದಮೇಲೂ ಹಾಗೇ ಇದ್ದಾಳೆ.

ಎಲ್ಲ ಸಲೀಸಾಗಿ ಆಯ್ತು ಅಂದರೆ ಸುಳ್ಳು. ಮೊದಲ ರಾತ್ರಿ ಗೇಟಿನ ಹತ್ತಿರ ಕೂತು ಒಂದೇ ರಾಗದಲ್ಲಿ ಅತ್ತಳು, ಮೇಲಿನ ಮನೆಯ ಬಾಡಿಗೆಯವರು ಲೈಟು ಹಾಕಿದರು. ಎರಡು ಸಲ ತಪ್ಪಿಸಿಕೊಂಡು ಮಂಡಿಗೆ ಹೋದಳು. ನಾನು ಬೆಳಿಗ್ಗೆ ಅಂಗಡಿಗೆ ಹೋದರೆ ಚೀಲದ ಅಟ್ಟಿಯ ಮೇಲೆ ನನಗಿಂತ ಮುಂಚೆ ಹಾಜರಿ. ಅಂಗಡಿಯಿಂದ ಎರಡು ಹಳೇ ಗೋಣಿಚೀಲ ತಂದು ಹಿತ್ತಲಲ್ಲಿ ಹಾಸಿದ ಮೇಲೆ ಹೋಗೋದು ನಿಂತಿತು. ಮೂರನೇ ಸಲವೂ ಹೋಗಿದ್ದರೆ ಅಲ್ಲೇ ಬಿಡುತ್ತಿದ್ದೆ. ಎಲ್ಲ ಬೀದಿನಾಯಿಗೂ ಮನೆ ಬೇಕು ಅಂತೇನಿಲ್ಲ, ಎರಡು ಸಲ ಹೋದಾಗಲೂ ನನಗೆ ಅದೇ ಯೋಚನೆ.

ಊಟದ್ದು ದೊಡ್ಡ ಪಂಚಾಯಿತಿ. ನಮ್ಮದು ಮಾಂಸ ಬೇಯಿಸದ ಮನೆ. ಅವ್ವ ರೊಟ್ಟಿ ಹಾಲು ಹಾಕಿದಳು, ಭೇದಿ ಆಯ್ತು. ಬೆಳೆದ ನಾಯಿಗಳಲ್ಲಿ ಎಷ್ಟೋ ನಾಯಿಗೆ ಹಾಲು ಅರಗೋದಿಲ್ಲ. ಮೊಸರನ್ನ ಅರಗುತ್ತೆ, ಆದರೆ ಅದರಿಂದಲೇ ಮೈಗೆ ಹತ್ತೋದಿಲ್ಲ. ಕೊನೆಗೆ ರಾಜಿ ಆದದ್ದು ಹೀಗೆ: ದಿನಕ್ಕೆ ಎರಡು ಮೊಟ್ಟೆ, ಹಿತ್ತಲಿನ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ, ನಾನೇ ಬೇಯಿಸೋದು, ಜೊತೆಗೆ ಪ್ಯಾಕೆಟ್ಟಿನಲ್ಲಿ ಬರೋ ನಾಯಿ ಆಹಾರದ ಕಾಳು. ಈರುಳ್ಳಿ ಅವುಗಳ ರಕ್ತಕ್ಕೆ ವಿಷ. ಆದ್ದರಿಂದ ಸಂಜೆ ಮಂಡಕ್ಕಿ ತಿನ್ನುವಾಗ ಒಂದು ಹಿಡಿ ಅವಳಿಗೆ ಎಸೆಯೋ ಹಾಗಿಲ್ಲ. ಇದನ್ನು ಅವ್ವನಿಗೆ ಒಪ್ಪಿಸೋಕೆ ಹಿಡಿದ ಕಾಲದಲ್ಲಿ ಒಂದು ವರ್ಷದ ಆಡಿಟ್ ಮುಗಿಸಬಹುದಿತ್ತು.

ಮಕ್ಕಳಿಗೆ ಹೇಳಿದ್ದು ಎರಡೇ: ಮಲಗಿದ್ದಾಗ, ತಿನ್ನುತ್ತಿದ್ದಾಗ ಮುಟ್ಟಬಾರದು, ಹಲ್ಲು ತಾಗಿ ರಕ್ತ ಬಂದರೆ ಮುಚ್ಚಿಡಬಾರದು, ಲಸಿಕೆ ಹಾಕಿಸಿದ ನಾಯಿಯೇ ಆದರೂ ಹದಿನೈದು ನಿಮಿಷ ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ತೊಳೆದು ಆಸ್ಪತ್ರೆಗೆ.

ಈಗ ಒಂದೂವರೆ ವರ್ಷ ಆಗಿದೆ. ಮಧ್ಯಾಹ್ನ ಅವ್ವ ನಡುಮನೆಯಲ್ಲಿ ಒರಗಿದರೆ ಗೋಣಿ ಹೊಸ್ತಿಲಿನಾಚೆ, ಒದ್ದೆ ಚೀಲದ ಮೇಲೆ. ಕೊರಿಯರಿನವನು ಬಂದರೆ ಒಂದು ಸಲ ಬೊಗಳುತ್ತಾಳೆ. "ಗೋಣವ್ವಾ, ಯಾರವ್ವ ಅದು?" ಅಂತ ಒಳಗಿಂದ ಕೇಳಿದರೆ ಎರಡನೇ ಸಲ ಬೊಗಳೋದಿಲ್ಲ. ದೇವರ ಮನೆ ಷರತ್ತು ಮುರಿದದ್ದು ಅವ್ವನೇ. ಹೋದ ದೀಪಾವಳಿ ರಾತ್ರಿ ಪಟಾಕಿಗೆ ನಡುಗುತ್ತಿದ್ದವಳನ್ನು ಕಿಟಕಿಯಿಲ್ಲದ ಕೋಣೆ ಅಂತ ಅಲ್ಲೇ ಕೂರಿಸಿಕೊಂಡಿದ್ದಳು.

ಮಗನಿಗೆ ಲ್ಯಾಬ್ರಡಾರಿನ ಆಸೆ ಇನ್ನೂ ಹೋಗಿಲ್ಲ. ಆದರೆ ಮೊನ್ನೆ ಕಿರ್ದಿ ತೆಗೆದು ನೋಡಿದರೆ ಜಮಾ ಕಡೆ, ಸಂಜೆ ಆರರ ಸಾಲಿನಲ್ಲಿ, ಪೆನ್ಸಿಲಿನಲ್ಲಿ ತನ್ನ ಹೆಸರು ಬರೆದುಕೊಂಡಿದ್ದಾನೆ. ಹನ್ನೊಂದು ದಿನದಿಂದ ತಪ್ಪದೆ ಕರ್ಕೊಂಡು ಹೋಗುತ್ತಿದ್ದಾನೆ. ಶಾಯಿಯಲ್ಲಿ ನಾನಿನ್ನೂ ತಿದ್ದಿಲ್ಲ.