ಮಠದ ಭಕ್ತರು ಸೇರಿ ಒಂದು ಮಗುವಿನ ಅಸ್ಥಿಮಜ್ಜೆ ಕಸಿ ಮಾಡಿಸಿದ ಬಗೆ

ಗದಗ ತಾಲೂಕಿನ ಒಂದು ಹಳ್ಳಿಯ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ ನಾನು 26 ವರ್ಷ ಕಾರ್ಯದರ್ಶಿಯಾಗಿದ್ದೆ. ನಮ್ಮೂರ ಮಠದ ಭಕ್ತಮಂಡಳಿಯ ಲೆಕ್ಕಪತ್ರವೂ ಹೆಚ್ಚುಕಡಿಮೆ ಅಷ್ಟೇ ಕಾಲದಿಂದ ನನ್ನ ಕೈಯಲ್ಲಿದೆ. 2022ರ ಶ್ರಾವಣದಲ್ಲಿ, ಮಠದಲ್ಲಿ ತಿಂಗಳ ಪ್ರವಚನ ನಡೆದಿದ್ದಾಗ, ಗದಗ ಎಪಿಎಂಸಿಯಲ್ಲಿ ಹಮಾಲಿ ಮಾಡುವ ನಮ್ಮೂರಿನವನೊಬ್ಬ ತನ್ನ 5 ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತು ತಂದು ಸ್ವಾಮೀಜಿಯವರ ಮುಂದೆ ಇಳಿಸಿದ. ಮಗುವಿಗೆ ಥಲಸ್ಸೇಮಿಯಾ ಮೇಜರ್ ಇತ್ತು, ಅಂದರೆ ಮೈಯಲ್ಲಿ ಸರಿಯಾದ ರಕ್ತ ತಯಾರಾಗದ, ಹುಟ್ಟಿನಿಂದಲೇ ಬರುವ ರೋಗ. ಒಂದು ವರ್ಷದವನಿದ್ದಾಗಿನಿಂದಲೂ ಮೂರು ವಾರಕ್ಕೊಮ್ಮೆ ರಕ್ತ ಏರಿಸುತ್ತಿದ್ದರು. ಎಲುಬಿನೊಳಗೆ ರಕ್ತ ತಯಾರಿಸುವ ಅಸ್ಥಿಮಜ್ಜೆಯನ್ನು ಬೇರೆಯವರಿಂದ ತೆಗೆದು ಕಸಿ ಮಾಡಿದರೆ ರೋಗ ವಾಸಿಯಾಗಬಹುದು, ಅದನ್ನು ಎಳೆಯ ವಯಸ್ಸಿನಲ್ಲೇ ಮಾಡಿಸಿದರೆ ಫಲ ಹೆಚ್ಚು ಎಂದು ವೈದ್ಯರು ಹೇಳಿದ್ದರು. ಬೆಂಗಳೂರಿನ ಆಸ್ಪತ್ರೆಯೊಂದು ಕೊಟ್ಟ ಅಂದಾಜು ಪತ್ರದಲ್ಲಿ 12 ಲಕ್ಷ ರೂಪಾಯಿ ಎಂದಿತ್ತು.

ನಾವು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಅಂದು ರಾತ್ರಿಯೇ ಪ್ರವಚನದ ಮೈಕಿನಲ್ಲಿ ಕೂಗಿದೆವು, ಮಗುವಿನ ಭಾವಚಿತ್ರ ಹಾಕಿ ಬಸ್ ನಿಲ್ದಾಣದ ಬಳಿ ಫ್ಲೆಕ್ಸ್ ಕಟ್ಟಿದೆವು. ಎರಡು ದಿನ ಕಳೆದ ಮೇಲೆ ಮಗುವಿನ ತಾಯಿ ನನ್ನ ಮನೆಗೆ ಬಂದು, "ಕಾಕಾರ, ಆ ಫೋಟೋ ತೆಗಸ್ರಿ. ನೀರಿಗೆ ಹೋದಲ್ಲೆಲ್ಲ ನನ್ನ ಹೊಟ್ಟಿ ದೋಷ ಅಂತ ಮಾತಾಡಾಕತ್ಯಾರ" ಎಂದು ಅತ್ತಳು. ಈ ರೋಗ ತಾಯಿಯೊಬ್ಬಳಿಂದ ಬರುವುದಿಲ್ಲ. ತಂದೆ ತಾಯಿ ಇಬ್ಬರಲ್ಲೂ ಆ ಗುಣ ಅಡಗಿದ್ದಾಗ ಮಾತ್ರ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ರೋಗ ತಗಲುವ ಸಂಭವವಿರುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆಯ ರೂಢಿಯಲ್ಲಿ ಇಬ್ಬರಿಗೂ ಒಂದೇ ಗುಣ ಬಂದಿರುವ ಸಾಧ್ಯತೆ ಹೆಚ್ಚು. ಫ್ಲೆಕ್ಸನ್ನು ಅದೇ ಸಂಜೆ ಇಳಿಸಿದೆವು. ಮರುದಿನದ ಪ್ರವಚನದಲ್ಲಿ ಸ್ವಾಮೀಜಿಯವರು ಪುರಾಣವನ್ನು ಬದಿಗಿಟ್ಟು, ಅರ್ಧ ತಾಸು ಈ ವಿಷಯವನ್ನೇ ಬಿಡಿಸಿ ಹೇಳಿದರು. ನನ್ನ ಮಟ್ಟಿಗೆ, ಮಠ ಆ ಕುಟುಂಬಕ್ಕೆ ಮಾಡಿದ ಮೊದಲ ನಿಜವಾದ ಸಹಾಯ ಅದು.

ಹಣದ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಪತ್ತಿನ ಸಂಘ ಹುಟ್ಟಿದೆ. ಆ ನೆಲದ ಕಾರ್ಯದರ್ಶಿಯಾಗಿ ನನಗೆ ಠರಾವಿಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವ ಅಭ್ಯಾಸವಿರಲಿಲ್ಲ. ಮಗುವಿನ ತಂದೆ, ಮಠದ ಹೆಣ್ಣುಮಕ್ಕಳ ಕೂಟವಾದ ಅಕ್ಕನ ಬಳಗದ ಒಬ್ಬ ಸದಸ್ಯೆ ಮತ್ತು ನಾನು, ಮೂವರ ಸಹಿ ಇಲ್ಲದೆ ಹಣ ಹೊರಬರದಂತೆ ಜಂಟಿ ಖಾತೆ ತೆರೆದೆವು. ಆಸ್ಪತ್ರೆಗೆ ಕೊಡುವ ಹಣ ಆಸ್ಪತ್ರೆಯ ಖಾತೆಗೇ ನೇರವಾಗಿ ಹೋಗಬೇಕೆಂದು ಠರಾವು ಬರೆದೆವು. ಜಾತ್ರೆಯಲ್ಲಿ ಕಾಣಿಕೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಮೈಕಿನಲ್ಲಿ ಓದುವುದು ನಮ್ಮ ರೂಢಿ. ಈ ಸಲ ಅದನ್ನು ಕೈಬಿಟ್ಟು, ಒಟ್ಟು ಜಮೆ ಮತ್ತು ಒಟ್ಟು ಖರ್ಚನ್ನು ಮಾತ್ರ ಪ್ರತಿ ಸೋಮವಾರ ಮಠದ ಕಟ್ಟೆಯ ಮೇಲಿನ ಹಲಗೆಯಲ್ಲಿ ಬರೆದೆವು.

ಶ್ರಾವಣದಲ್ಲಿ ರೈತನ ಕೈಯಲ್ಲಿ ನಗದು ಇರುವುದಿಲ್ಲ. ಬೀಜ, ಗೊಬ್ಬರ, ಕಳೆಗೆ ಎಲ್ಲ ಹೋಗಿರುತ್ತದೆ. ಆದ್ದರಿಂದ ಹೆಸರುಕಾಳಿನ ರಾಶಿ ಆಗುವವರೆಗೆ ಕಾದು, ಸ್ವಾಮೀಜಿಯವರು ಜೋಳಿಗೆ ಹಿಡಿದು ಕಣದಿಂದ ಕಣಕ್ಕೆ ನಡೆದರು. ಹಿಂದೆ ನಮ್ಮ ಟ್ರ್ಯಾಕ್ಟರ್. ಕೂಡಿದ 23 ಕ್ವಿಂಟಲ್ ಹೆಸರನ್ನು ಗದಗ ಎಪಿಎಂಸಿಯಲ್ಲಿ ಮಾರಿದೆವು. ಅಲ್ಲಿನ ಹಮಾಲರು ತಮ್ಮ ಸಂಗಾತಿಯ ಮಗನಿಗೆಂದು ಆ ಚೀಲಗಳಿಗೆ ಕೂಲಿ ತೆಗೆದುಕೊಳ್ಳಲಿಲ್ಲ.

ಆದರೂ ನಮ್ಮಂತಹ ಊರಿನಿಂದ 12 ಲಕ್ಷ ಎತ್ತುವುದು ಆಗದ ಮಾತಾಗಿತ್ತು. ಬಾಗಿಲು ತೆರೆದದ್ದು ಸರ್ಕಾರದ ಕಡೆಯಿಂದ. ಕೋಲ್ ಇಂಡಿಯಾ ಸಂಸ್ಥೆಯ ನೆರವಿನಿಂದ ಕೇಂದ್ರ ಆರೋಗ್ಯ ಸಚಿವಾಲಯವು 2017ರಿಂದ ನಡೆಸುತ್ತಿರುವ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ, ಆಯ್ದ ಆಸ್ಪತ್ರೆಗಳಲ್ಲಿ ಕಸಿ ಮಾಡಿಸಿಕೊಳ್ಳುವ ಬಡ ಮಕ್ಕಳಿಗೆ 10 ಲಕ್ಷ ರೂಪಾಯಿಯವರೆಗೆ ಸಹಾಯ ಸಿಗುತ್ತದೆ, ಮತ್ತು ಆ ಹಣ ಆಸ್ಪತ್ರೆಗೇ ಸಂದಾಯವಾಗುತ್ತದೆ. ಇದನ್ನು ಮೊದಲು ವಿಚಾರಿಸಿದ್ದರೆ ಮೈಕಿನಲ್ಲಿ ಕೂಗುವ ಮುಂಚೆ ಎಷ್ಟು ಬೇಕೆಂಬುದೇ ನಮಗೆ ತಿಳಿಯುತ್ತಿತ್ತು. ಆದಾಯ ಪ್ರಮಾಣಪತ್ರ ಮಾಡಿಸುವಾಗ ಪಡಿತರ ಚೀಟಿಯಲ್ಲಿನ ತಂದೆಯ ಹೆಸರಿಗೂ ಆಧಾರ್‌ನಲ್ಲಿನ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸ ಬಂದು ಮೂರು ವಾರ ಹಾಳಾದವು. ಇಂತಹ ಕೆಲಸಕ್ಕೆ ಕೈ ಹಾಕುವವರು ಮೊದಲ ದಿನವೇ ಎಲ್ಲ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು. ಥಲಸ್ಸೇಮಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಚಿಕಿತ್ಸೆಗೆ ಹೋಗುವ ಇಂತಹ ರೋಗಿಗೂ ಜೊತೆಗಾರನಿಗೂ ರೈಲಿನ ಸ್ಲೀಪರ್ ದರ್ಜೆಯಲ್ಲಿ ಶೇ. 75 ರಿಯಾಯಿತಿ ಇದೆ ಎಂಬುದೂ ನಮಗೆ ತಡವಾಗಿಯೇ ಗೊತ್ತಾಯಿತು.

ಇದಕ್ಕೆಲ್ಲ ಮುಂಚೆ ಮಜ್ಜೆ ಹೊಂದುವವರು ಸಿಗಬೇಕಿತ್ತು. ಒಡಹುಟ್ಟಿದವರಲ್ಲಿ ಅದು ಪೂರ್ತಿ ಹೊಂದುವ ಸಂಭವವೂ ನಾಲ್ಕರಲ್ಲಿ ಒಂದೇ. 11 ವರ್ಷದ ಅಕ್ಕನದು ಹೊಂದಿತು. ಊರೆಲ್ಲ ಸಂತೋಷಪಡುತ್ತಿದ್ದಾಗ ಅಜ್ಜಿ ಮಾತ್ರ, ನಾಳೆ ಮದುವೆಯಾಗುವ ಹುಡುಗಿಯ ಎಲುಬಿನ ಸತ್ವ ತೆಗೆದರೆ ಗತಿಯೇನು ಎಂದು ಹಟ ಹಿಡಿದಳು. ಆ ಭಯವನ್ನು ನಾವು ಯಾರೂ ಹಗುರವಾಗಿ ಕಾಣಲಿಲ್ಲ. ಅಜ್ಜಿಯನ್ನೇ ಹುಬ್ಬಳ್ಳಿಗೆ ಕರೆದೊಯ್ದು ವೈದ್ಯರೆದುರು ಕೂರಿಸಿದೆವು. ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಮಜ್ಜೆ ತೆಗೆಯುತ್ತಾರೆ, ತೆಗೆದಷ್ಟು ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ ಎಂದು ಅವರು ಸಮಾಧಾನದಿಂದ ತಿಳಿಸಿದರು. ಆದರೆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಸ್ವಾಮೀಜಿಯವರು ಅವಳನ್ನು ಬೇರೆಯಾಗಿ ಕೂರಿಸಿಕೊಂಡು, "ನಿನಗ ಮನಸ್ಸೈತೇನವಾ? ಒಲ್ಲೆ ಅಂದ್ರೂ ಯಾರೂ ಬೈಯೂದಿಲ್ಲ" ಎಂದರು. "ನೂಸತೈತೇನ್ರಿ ಅಜ್ಜಾರ?" ಎಂದು ಕೇಳಿದಳು. "ಒಂದಿಷ್ಟು ದಿನ ಸೊಂಟ ನೂಸತೈತವಾ" ಎಂದು ಅವರು ಇದ್ದದ್ದನ್ನು ಇದ್ದಂತೆ ಹೇಳಿದ ಮೇಲೆ ಅವಳು ಒಪ್ಪಿದಳು.

ರಕ್ತದ ಮಾತು ಬೇರೆಯೇ. ಮಾವ, ಕಾಕಾ, ಅಣ್ಣತಮ್ಮಂದಿರೆಲ್ಲ ರಕ್ತ ಕೊಡಲು ತೋಳು ಚಾಚಿ ನಿಂತಿದ್ದರು. ವೈದ್ಯರು ಅವರೆಲ್ಲರನ್ನೂ ಬೇಡವೆಂದರು. ಕಸಿಗೆ ಮುಂಚೆ ಸಮೀಪದ ನೆಂಟರ ರಕ್ತ ಏರಿಸಿದರೆ ಮಗುವಿನ ದೇಹ ಅದರ ಗುರುತು ಹಿಡಿದು, ಮುಂದೆ ಅಕ್ಕನ ಮಜ್ಜೆಯನ್ನು ತಳ್ಳಿಹಾಕುವ ಅಪಾಯ ಹೆಚ್ಚುತ್ತದೆಯಂತೆ. ಆಗ ಬೇಕಾದದ್ದು ನೆಂಟಸ್ತಿಕೆಯಿಲ್ಲದ ಜನ. ಭಜನಾ ಮಂಡಳಿಯವರು, ಊರ ಮಸೀದಿಯ ಜಮಾತಿನ ಹುಡುಗರು, ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೂ ಕಾರು ಓಡಿಸಲೂ ಹೋಗಿರುವ ನಮ್ಮೂರಿನ ಯುವಕರು ಸೇರಿ 41 ಜನರ ಪಟ್ಟಿಯಾಯಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲವಾದ್ದರಿಂದ ಮೊದಲೇ ಕೂಡಿಡಲಾಗದು, ಕರೆದಾಗ ಬರುವವರೇ ಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಮಾತ್ರ ರಕ್ತ ಕೊಡಬಹುದು. ಯಾರ ಸರದಿ ಯಾವಾಗ ಎಂಬುದನ್ನು ನಾನು ಸಾಲದ ಕಂತಿನ ವಹಿಯಂತೆ ಬರೆದಿಟ್ಟೆ.

2023ರ ಫೆಬ್ರುವರಿಯಲ್ಲಿ ಕಸಿ ನಡೆಯಿತು. ಕೊನೆಗೆ ನಾವು ಸೇರಿಸಿದ ಹಣದ ದೊಡ್ಡ ಪಾಲು ಹೋದದ್ದು ಆಸ್ಪತ್ರೆಯ ಬಳಿಯ ಬಾಡಿಗೆ ಕೋಣೆಗೆ, ಯೋಜನೆಯ ಮಿತಿ ಮೀರಿದ ಔಷಧಗಳಿಗೆ, ಮತ್ತು ತಂದೆಗೆ ತಪ್ಪಿದ ಆರು ತಿಂಗಳ ಕೂಲಿಗೆ. ಈ ಕೊನೆಯದು ಯಾವ ಅಂದಾಜು ಪತ್ರದಲ್ಲೂ ಇರುವುದಿಲ್ಲ. ಅಕ್ಕನ ಬಳಗದವರು ತಂದೆ ತಾಯಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದರು.

ಎಲ್ಲಕ್ಕಿಂತ ಕಠಿಣವಾದದ್ದು ಮಗು ಊರಿಗೆ ಮರಳಿದ ಮೇಲಿನ ತಿಂಗಳುಗಳು. ಹೊಸ ಮಜ್ಜೆಯನ್ನು ದೇಹ ಒಪ್ಪಿಕೊಳ್ಳಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ನಡೆದಿರುತ್ತದೆ. ಜನಜಂಗುಳಿ, ಹೊರಗಿನ ಊಟ, ಹೂವು, ಹೆಚ್ಚಿಟ್ಟ ಹಣ್ಣು ಯಾವುದೂ ಕೂಡದು. ನಮ್ಮ ಜನರಾದರೋ ಹೂಮಾಲೆ, ಮಾದಲಿ, ಅಂಬಲಿ ಹಿಡಿದು ಬಾಗಿಲಿಗೆ ಬಂದರು. ಪ್ರಸಾದ ಬೇಡವೆನ್ನುವುದು ಹೇಗೆಂದು ಆ ತಾಯಿ ನಡುಗುತ್ತಿದ್ದಳು. ಅವಳ ಬಾಯಿಂದ ಆ ಮಾತು ಬರಬಾರದೆಂದು ಸ್ವಾಮೀಜಿಯವರು ತಾವೇ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಆ ಮನೆಗೆ ಹೋಗಿ, ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತು ಮಗುವನ್ನು ಮಾತನಾಡಿಸಿ ಬಂದರು. ವಿಭೂತಿಯನ್ನೂ ಹಚ್ಚಲಿಲ್ಲ. ಓಣಿಯವರೆಲ್ಲ ಅದನ್ನು ಕಂಡರು. ಮರುದಿನದಿಂದ ಆ ಹೊಸ್ತಿಲನ್ನು ಬೇರೆ ಯಾರೂ ದಾಟಲಿಲ್ಲ.

ಹುಡುಗ ಈಗ ಶಾಲೆಗೆ ಹೋಗುತ್ತಾನೆ. ರಕ್ತ ಏರಿಸುವುದು ನಿಂತಿದೆ. ಆದರೆ ಹಿಂದೆ ಏರಿಸಿದ ರಕ್ತದಿಂದ ಮೈಯಲ್ಲಿ ಸೇರಿಕೊಂಡ ಕಬ್ಬಿಣಾಂಶವನ್ನು ತಗ್ಗಿಸಲು ಆಗಾಗ ಸ್ವಲ್ಪ ರಕ್ತ ತೆಗೆಸಿಕೊಳ್ಳಲು ಹೋಗಬೇಕಾಗುತ್ತದೆ. ಖಾತೆಯಲ್ಲಿ 64,000 ರೂಪಾಯಿ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ಭಕ್ತಮಂಡಳಿಯ ಸಭೆ ಕರೆದಾಗ ಆ ತಾಯಿಯೇ ಎದ್ದು ನಿಂತು, ಮಠದ ಸಾಮೂಹಿಕ ವಿವಾಹಕ್ಕೆ ಹೆಸರು ಬರೆಸುವ ವಧೂವರರಿಗೆ ಈ ಗುಣವಿದೆಯೇ ಎಂದು ತೋರಿಸುವ ರಕ್ತಪರೀಕ್ಷೆಗೆ ಕೊಡಿರೆಂದಳು. ಹಾಗೆಯೇ ಠರಾವು ಬರೆದೆವು. ಅನುಮೋದಿಸಿದವಳಾಗಿ ಅವಳೇ ಸಹಿ ಹಾಕಿದ್ದಾಳೆ.